ರೈಲು ಹತ್ತದವರೂ ಕಟ್ಟುವ ಟಿಕೆಟ್

2025ರ ಯುಗಾದಿ ಮುಗಿದು ಎರಡು ವಾರ ಆಗಿತ್ತು. ಭಾನುವಾರ ಬೆಳಗ್ಗೆ ಅಪ್ಪ ಪೇಪರ್ ಮಡಚಿಟ್ಟು, ‘ಹಿಂದಿನ ಮನೆಗೆ ಒಂದೂವರೆ ಸಾವಿರ ಏರಿಸೋಣ ಅಂತಿದ್ದೀನಿ ಕಣೋ’ ಅಂದರು. ನಾನು ಫೋನಲ್ಲಿ ಮುಳುಗಿದ್ದೆ. ‘ಹ್ಞೂಂ, ಏರಿಸಿ’ ಅಂದುಬಿಟ್ಟೆ.

ನಮ್ಮದು ನಾಗಸಂದ್ರ. ಮೆಟ್ರೊ ಸ್ಟೇಷನ್‌ನಿಂದ ನಡೆದರೆ ಹತ್ತು ನಿಮಿಷ. ಅಪ್ಪ ಕುಣಿಗಲ್ ಕಡೆಯಿಂದ ಬಂದು, ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮೂವತ್ತು ವರ್ಷ ಲೇತ್ ಮಷೀನ್ ಮುಂದೆ ನಿಂತವರು. ಆ ದುಡ್ಡು, ಅಮ್ಮನ ಚೀಟಿ ದುಡ್ಡು ಎರಡೂ ಸೇರಿಸಿ ಒಂದು ಸೈಟು ತಗೊಂಡರು. ಮುಂದೆ ನಮಗೊಂದು ಮನೆ, ಹಿಂದೆ ಸಾಲಾಗಿ ಮೂರು ಪುಟ್ಟ ಬಾಡಿಗೆ ಮನೆ. ಒಂದು ರೂಮು, ಒಂದು ಅಡುಗೆಮನೆ, ಬಚ್ಚಲು, ಅಷ್ಟೇ. ನನ್ನ ಇಂಜಿನಿಯರಿಂಗ್ ಫೀಸಿನ ಒಂದು ಪಾಲು ಆ ಮೂರು ಮನೆಗಳ ಬಾಡಿಗೆಯಿಂದಲೇ ಬಂದದ್ದು. ಇದನ್ನ ಮೊದಲೇ ಹೇಳಿಬಿಡೋದು ವಾಸಿ. ಮುಂದೆ ಬರೆಯೋದನ್ನೆಲ್ಲ ಓನರ್ ಮಗ ಬರೀತಿದ್ದಾನೆ ಅಂತಲೇ ಓದಿಕೊಳ್ಳಿ.

ಕೊನೆಯ ಮನೆಯಲ್ಲಿ ಆರು ವರ್ಷದಿಂದ ಇರೋದು ಶಿರಾ ಕಡೆಯ ಒಂದು ಕುಟುಂಬ. ಗಂಡ ಲಗೇಜ್ ಆಟೊ ಓಡಿಸ್ತಾರೆ. ಹೆಂಡತಿ, ನಾನು ಅಕ್ಕ ಅಂತ ಕರೆಯೋದು, ಗೊರಗುಂಟೆಪಾಳ್ಯದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗಳು ಸರ್ಕಾರಿ ಶಾಲೆಗೆ ಹೋಗ್ತಾಳೆ. ಬಾಡಿಗೆ ಐದೂವರೆ ಸಾವಿರ. ಒಂದು ತಿಂಗಳೂ ಹತ್ತನೇ ತಾರೀಖು ದಾಟಿಸಿದವರಲ್ಲ.

ಅಪ್ಪನಿಗೆ ಈ ಯೋಚನೆ ತಲೆಗೆ ಹಾಕಿದ್ದು ಬ್ರೋಕರ್. ‘ಮೆಟ್ರೊಗೆ ಹತ್ತು ನಿಮಿಷ ಸಾರ್. ಬೋರ್ಡ್ ಹಾಕಿ ನೋಡಿ, ಐಟಿ ಹುಡುಗ್ರು ಕ್ಯೂ ನಿಲ್ತಾರೆ.’

ಅವತ್ತು ಸಂಜೆ ನಾನು ಟೆರೇಸ್ ಮೇಲೆ ಟ್ಯಾಂಕ್ ನೋಡೋಕೆ ಹೋದಾಗ ಅಕ್ಕ ಬಟ್ಟೆ ತೆಗೀತಿದ್ದರು. ಅಮ್ಮನಿಂದ ವಿಷಯ ಅಷ್ಟರಲ್ಲೇ ಹೋಗಿತ್ತು. ಜಗಳದ ದನಿಯೇನಲ್ಲ, ಸುಮ್ಮನೆ ಕೇಳಿದರು: ‘ಮೆಟ್ರೊ ಹತ್ರ ಇದೆ ಅಂತ ಏರಿಸ್ತಾರಂತಲ್ಲಣ್ಣ. ನಾನು ಮೆಟ್ರೊ ಹತ್ತೋದೇ ಇಲ್ವಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ಯಾಂಕ್ ತುಂಬಿದೆ ಅಂತ ಹೇಳಿ ಕೆಳಗೆ ಇಳಿದೆ.

ನಾಗಸಂದ್ರಕ್ಕೆ ಮೆಟ್ರೊ ಹೊಸದಲ್ಲ. 2014ರ ಮಾರ್ಚ್ 1ಕ್ಕೆ ಪೀಣ್ಯ ಇಂಡಸ್ಟ್ರಿವರೆಗೆ ಬಂತು, 2015ರ ಮೇ 1ಕ್ಕೆ ನಮ್ಮ ಮನೆ ಹತ್ತಿರಕ್ಕೆ. ಆಗ ಬಾಡಿಗೆ ಏನೂ ಏರಲಿಲ್ಲ. ಯಾಕಂದ್ರೆ ಆ ಕಡೆ ತುದಿ ಸಂಪಿಗೆ ರಸ್ತೆ, ಅಲ್ಲಿಂದ ಮುಂದೆ ಮತ್ತೆ ಬಸ್ಸೇ ಗತಿ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿವರೆಗೆ ಕೂಡಿಕೊಂಡಾಗ ಸ್ವಲ್ಪ ಸದ್ದಾಯಿತು. 2022ರಲ್ಲಿ ಸ್ಟೇಷನ್ ಪಕ್ಕದಲ್ಲೇ ಐಕಿಯಾ ಬಂತು, ಭಾನುವಾರ ನಮ್ಮ ಏರಿಯಾಗೆ ಜನ ಕಾರ್ ಮಾಡಿಕೊಂಡು ಬರೋದು ನೋಡಿ ಅಪ್ಪನಿಗೆ ಒಂಥರಾ ಹೆಮ್ಮೆ. ಆದರೆ ನಿಜವಾದ ಬದಲಾವಣೆ ಆದದ್ದು ನಮ್ಮ ಏರಿಯಾದಲ್ಲಿ ಅಲ್ಲವೇ ಅಲ್ಲ, ಊರಿನ ಇನ್ನೊಂದು ತುದಿಯಲ್ಲಿ. 2023ರ ಅಕ್ಟೋಬರ್ 9ರಂದು ಕೆ.ಆರ್.ಪುರ–ಬೈಯಪ್ಪನಹಳ್ಳಿ ನಡುವಿನ ಬಾಕಿ ತುಂಡು ತೆರೆದು, ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು. ಅವತ್ತಿನಿಂದ ನಾಗಸಂದ್ರ ಅನ್ನೋದು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡೋರು ಮಲಗೋಕೆ ಸಿಗುವ ಅಗ್ಗದ ಜಾಗ ಆಯಿತು. ಒಂದೂ ಕಾಲು, ಒಂದೂವರೆ ಗಂಟೆ ಹಿಡಿಯುತ್ತೆ, ನಿಜ. ಆದರೆ ಮೆಜೆಸ್ಟಿಕ್‌ನಲ್ಲಿ ಒಂದು ಸಲ ಬದಲಾಯಿಸಿದರೆ ಮುಗೀತು, ಟ್ರಾಫಿಕ್ ಇಲ್ಲ, ಕಿವಿಗೆ ಇಯರ್‌ಫೋನ್ ಇದೆ. ಕುಂದಲಹಳ್ಳಿಯಲ್ಲಿ ಪಿಜಿಗೆ ಕೊಡೋ ದುಡ್ಡಿಗೆ ಇಲ್ಲಿ ಇಡೀ ಮನೆ ಸಿಗುತ್ತೆ.

ಅಂದರೆ ಬ್ರೋಕರ್ ಹೇಳಿದ ಆ ‘ಐಟಿ ಹುಡುಗ್ರು’ ಬೇರೆ ಯಾರೂ ಅಲ್ಲ. ನಾನೇ.

ವಾರಕ್ಕೆ ಮೂರು ದಿನ ಆಫೀಸು. ನಾಗಸಂದ್ರದಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳೀತೀನಿ. ಅಲ್ಲಿ ಸ್ಟೇಷನ್‌ನಿಂದ ಟೆಕ್ ಪಾರ್ಕ್ ಒಳಗಡೆಗೇ ನಡೆದುಕೊಂಡು ಹೋಗೋಕೆ ದಾರಿ ಮಾಡಿದ್ದಾರೆ. ಮಳೆಗಾಲದಲ್ಲಿ ಶೂ ಒದ್ದೆಯಾಗಲ್ಲ. ಇದೇ ಥರ ಒಂದು ದಿನ ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಇಳಿದು ಒಳಗಡೆ ನಡೆದು ನೋಡಿ. ನಿಂತ ಲಾರಿಗಳ ಸಂದಿಯಲ್ಲಿ, ಆಯಿಲ್ ಮತ್ತು ಕಬ್ಬಿಣದ ಚೂರು ಮಿಕ್ಸ್ ಆದ ಮಣ್ಣಲ್ಲಿ, ಫುಟ್‌ಪಾತ್ ಎಲ್ಲಿ ಶುರುವಾಗಿ ಎಲ್ಲಿ ಮುಗೀತು ಗೊತ್ತಾಗಲ್ಲ. ಪೀಣ್ಯ ಅಂದರೆ ಒಂದು ಗೇಟಿನ ಒಳಗಿನ ಕ್ಯಾಂಪಸ್ ಅಲ್ಲ. ಒಂದನೇ ಹಂತ, ಎರಡನೇ ಹಂತ, ಮೂರು, ನಾಲ್ಕು ಅಂತ ಕಿಲೋಮೀಟರ್‌ಗಟ್ಟಲೆ ಹರಡಿಕೊಂಡಿದೆ. ಸಾವಿರಾರು ಸಣ್ಣ ಕಾರ್ಖಾನೆಗಳು, ಒಂದೊಂದರಲ್ಲೂ ಹತ್ತು–ಇಪ್ಪತ್ತು ಜನ. ಅವರೆಲ್ಲರ ಪರವಾಗಿ ಸ್ಟೇಷನ್‌ಗೆ ಸೇತುವೆ ಕಟ್ಟಿಸಿಕೊಡಿ ಅಂತ ಕೇಳೋ ದೊಡ್ಡ ಓನರ್ ಯಾರೂ ಇಲ್ಲ. ಅಪ್ಪ ಕೆಲಸಕ್ಕೆ ಹೋಗ್ತಿದ್ದ ಕೊನೆಯ ವರ್ಷಗಳಲ್ಲಿ ಮೆಟ್ರೊ ಬಂದಿತ್ತು. ಆದರೂ ಅವರು ಸೈಕಲ್ ಬಿಡಲಿಲ್ಲ. ಸ್ಟೇಷನ್‌ನಿಂದ ವರ್ಕ್‌ಶಾಪ್‌ಗೆ ನಡೆಯೋ ದೂರ, ಮನೆಯಿಂದ ವರ್ಕ್‌ಶಾಪ್‌ಗೆ ಸೈಕಲ್ ತುಳಿಯೋ ದೂರ ಎರಡೂ ಹೆಚ್ಚು ಕಮ್ಮಿ ಒಂದೇ ಅಂತಿದ್ದರು.

ರೈಲಿನ ಒಳಗೆ ಮಾತ್ರ ಎಲ್ಲರೂ ಒಂದೇ ಥರ ಕಾಣ್ತೀವಿ. ಅದೇ ಸ್ಟೀಲ್ ಬೆಂಚು, ಅದೇ ಎಸಿ. ಬೆಳಗ್ಗೆ ನಮ್ಮ ಕಡೆ ಹತ್ತೋರಲ್ಲಿ ಡಿಪ್ಲೊಮಾ ಹುಡುಗರು, ಕಾಲೇಜು ಮಕ್ಕಳು, ಸೂಪರ್‌ವೈಸರ್‌ಗಳು. ಮೆಜೆಸ್ಟಿಕ್ ಆದಮೇಲೆ ಬಟ್ಟೆ ಬದಲಾಗುತ್ತೆ, ಬೈಯಪ್ಪನಹಳ್ಳಿ ಆದಮೇಲೆ ಭಾಷೆ. ಗರುಡಾಚಾರ್‌ಪಾಳ್ಯ, ಹೂಡಿ ದಾಟುವಾಗ ಕಿಟಕಿಯಿಂದ ಕೆಳಗೆ ನೋಡಿದರೆ ಗಾಜಿನ ಬಿಲ್ಡಿಂಗ್‌ಗಳ ಪಕ್ಕದ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲುಗಳು ಕಾಣ್ತವೆ. ಆ ಗುಡಿಸಲಲ್ಲಿ ಇರೋರು ರೈಲಿನಲ್ಲಿ ನನ್ನ ಪಕ್ಕ ಕೂತಿದ್ದನ್ನ ನಾನು ನೋಡಿದ ನೆನಪಿಲ್ಲ. ನಮ್ಮ ಆಫೀಸಿನ ಫ್ಲೋರ್ ಒರೆಸೋ ಅಣ್ಣ ಯಾದಗಿರಿ ಕಡೆಯವರು. ಮೊದಲು ಸೀತಾರಾಮಪಾಳ್ಯದ ಹತ್ತಿರ ಒಂದು ಶೀಟ್ ಮನೆಯಲ್ಲಿ ಇದ್ದರಂತೆ, ಈಗ ಕಾಡುಗೋಡಿಯಿಂದಲೂ ಆಚೆ. ‘ಮೆಟ್ರೊ ಹತ್ತಿದ್ದೀರಾ ಅಣ್ಣ?’ ಅಂತ ಒಂದು ದಿನ ಕೇಳಿದೆ. ‘ಒಮ್ಮಿ ಹತ್ತೀನ್ರಿ ಸರ. ತಂಪ್ ಇತ್ರಿ. ದಿನಾ ಹತ್ತಾಕ ನಮಗ ಆಗಂಗಿಲ್ರಿ’ ಅಂದು ನಕ್ಕರು.

ಈಗ ಅಕ್ಕನ ಲೆಕ್ಕ. ನಾನು ಇಂಜಿನಿಯರ್ ಆದ್ದರಿಂದ ಬೇಜಾರಾದಾಗ ಮಾಡೋ ಕೆಲಸ ಒಂದೇ, ಶೀಟ್ ಓಪನ್ ಮಾಡಿ ನಂಬರ್ ಹಾಕೋದು.

ಮೆಟ್ರೊ ದರ 2017ರ ನಂತರ ಮೊದಲ ಸಲ ಏರಿದ್ದು 2025ರ ಫೆಬ್ರುವರಿ 9ಕ್ಕೆ. ಗರಿಷ್ಠ 60 ಇದ್ದದ್ದು 90 ಆಯಿತು. ಜನ ಸಿಟ್ಟಾದ ಮೇಲೆ 14ಕ್ಕೆ ಕೆಲವು ನಿಲ್ದಾಣಗಳ ನಡುವೆ ಸ್ವಲ್ಪ ಇಳಿಸಿದರು. ಆದರೆ ಕನಿಷ್ಠ 10, ಗರಿಷ್ಠ 90 ಹಾಗೇ ಉಳೀತು. ಎರಡು ಕಿ.ಮೀ.ವರೆಗೆ 10, ನಾಲ್ಕರವರೆಗೆ 20, ಆರರವರೆಗೆ 30, ಹೀಗೆ ಹೋಗುತ್ತೆ. ಹತ್ತು ಕಿ.ಮೀ. ದಾಟಿದ ಮೇಲೆ ಐದೈದು ಕಿ.ಮೀ.ಗೆ ಹತ್ತು ರೂಪಾಯಿ. 25 ದಾಟಿದರೆ ಎಷ್ಟು ದೂರ ಹೋದರೂ 90.

ನಾನು ಹೋಗೋದು ಸುಮಾರು 35 ಕಿ.ಮೀ., ಕೊಡೋದು 90. ಕಿಲೋಮೀಟರ್‌ಗೆ ಎರಡೂವರೆ ರೂಪಾಯಿ ಚಿಲ್ಲರೆ. ಅಕ್ಕ ನಾಗಸಂದ್ರದಿಂದ ಗೊರಗುಂಟೆಪಾಳ್ಯಕ್ಕೆ ಹೋದರೆ ಐದು ಕಿ.ಮೀ. ಆಸುಪಾಸು, 30 ರೂಪಾಯಿ. ಕಿಲೋಮೀಟರ್‌ಗೆ ಆರು.

ಮೊದಲ ಸಲ ಈ ಲೆಕ್ಕ ಬಂದಾಗ ಫಾರ್ಮುಲಾ ತಪ್ಪಿದೆ ಅಂದುಕೊಂಡೆ. ತಪ್ಪಿರಲಿಲ್ಲ. ದೂರ ಹೋದಷ್ಟೂ ಕಿ.ಮೀ. ದರ ಇಳಿಯೋದು ರೈಲಿನಲ್ಲೂ ಬಸ್ಸಲ್ಲೂ ಇರೋ ಪದ್ಧತಿಯೇ. ಸ್ಟೇಷನ್, ಗೇಟ್, ಸಿಬ್ಬಂದಿ ಖರ್ಚು ಎರಡು ಸ್ಟಾಪ್ ಹೋಗುವವನಿಗೂ ಇಪ್ಪತ್ತು ಸ್ಟಾಪ್ ಹೋಗುವವನಿಗೂ ಒಂದೇ. ತರ್ಕ ಸರಿಯಾಗೇ ಇದೆ. ಆದರೆ ಬೆಂಗಳೂರಿನಲ್ಲಿ ದೂರ ಹೋಗೋರು ಯಾರು, ಹತ್ತಿರ ಹೋಗೋರು ಯಾರು ಅಂತ ಒಂದು ಸಲ ಯೋಚಿಸಿ. ಗಾರ್ಮೆಂಟ್ಸ್ ಹೆಂಗಸರು, ಮಷೀನ್ ಶಾಪ್ ಹುಡುಗರು ಕೆಲಸದ ಜಾಗದ ಹತ್ತಿರವೇ ಮನೆ ಹಿಡಿಯೋದು. ಹಿಡಿಯಲೇಬೇಕು, ಯಾಕಂದ್ರೆ ಗೇಟ್‌ಗೆ ಹತ್ತು ನಿಮಿಷ ಲೇಟಾದರೆ ಅರ್ಧ ದಿನದ ಸಂಬಳ ಹೋಗುತ್ತೆ. ನಾನು ಲೇಟಾದರೆ ‘ಜಾಯ್ನಿಂಗ್ ಇನ್ ಫೈವ್’ ಅಂತ ಒಂದು ಮೆಸೇಜ್ ಹಾಕ್ತೀನಿ.

ತಿಂಗಳಿಗೆ 26 ದಿನ, ದಿನಕ್ಕೆ 60 ಅಂದರೆ 1,560. ಸ್ಮಾರ್ಟ್ ಕಾರ್ಡ್‌ನ ಶೇ 5 ರಿಯಾಯಿತಿ ಕಳೆದರೆ 1,482. ಪಿಎಫ್, ಇಎಸ್‌ಐ ಕಟ್ಟಾಗಿ ಅಕ್ಕನ ಕೈಗೆ ಬರೋದು ಹನ್ನೆರಡು ಸಾವಿರದ ಹತ್ತಿರ. ಸಂಬಳದ ಎಂಟರಲ್ಲಿ ಒಂದು ಪಾಲು, ಐದು ಕಿಲೋಮೀಟರ್‌ಗೆ.

ಹಾಗಾಗಿ ಅವರು ಬಸ್ಸಲ್ಲೇ ಹೋಗ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಟಿಕೆಟ್ ಸೊನ್ನೆ. ಈ ಯೋಜನೆ ಬಗ್ಗೆ ನಮ್ಮ ಆಫೀಸ್ ಕ್ಯಾಂಟೀನ್‌ನಲ್ಲಿ ಏನೇನು ಜೋಕ್ ಓಡ್ತವೆ ಅಂತ ಇಲ್ಲಿ ಬರೆಯಲ್ಲ. ನಾನೂ ಒಂದೆರಡಕ್ಕೆ ನಕ್ಕಿದ್ದೆ. ಅಕ್ಕ ಹೇಳಿದ್ದು ಇಷ್ಟು: ಫ್ರೀ ಆದಮೇಲೆ ಮಿಕ್ಕಿದ ದುಡ್ಡಲ್ಲಿ ಮಗಳನ್ನ ಟ್ಯೂಷನ್‌ಗೆ ಸೇರಿಸಿದರಂತೆ. ಆದರೆ ಬಸ್ಸಿಗೆ ಎಂಟನೇ ಮೈಲಿಯಲ್ಲಿ ನಿಂತು ಕಾಯಬೇಕು. ಮೊದಲನೇ ಬಸ್ ತುಂಬಿರುತ್ತೆ, ಎರಡನೇದು ನಿಲ್ಲಿಸಲ್ಲ. ಜಾಲಹಳ್ಳಿ ಕ್ರಾಸ್‌ನಲ್ಲಿ ಸಿಗ್ನಲ್, ಆಮೇಲೆ ಪೀಣ್ಯದ ಲಾರಿಗಳು. ತಲೆ ಮೇಲೆ ಹತ್ತು ನಿಮಿಷದಲ್ಲಿ ಮುಗಿಯೋ ದಾರಿಗೆ ಕೆಳಗೆ ಮುಕ್ಕಾಲು ಗಂಟೆ. ಒಂಬತ್ತಕ್ಕೆ ಗೇಟ್ ಅಂದರೆ ಅವರು ಎಂಟಕ್ಕೇ ಮನೆ ಬಿಡಬೇಕು, ಅದಕ್ಕೂ ಮುಂಚೆ ಅಡುಗೆ, ನೀರು, ಮಗಳ ಜಡೆ.

ಶಕ್ತಿ ಎಲ್ಲರಿಗೂ ಇಲ್ಲ ಅನ್ನೋದು ಇನ್ನೊಂದು ವಿಷಯ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ಅಕ್ಕನ ಲೈನ್‌ನಲ್ಲೇ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರು ಇದ್ದಾರೆ. ಅವರ ಆಧಾರ್ ಊರಿನ ವಿಳಾಸದ್ದು. ಭಾನುವಾರ ಎಲ್ಲಾದರೂ ಹೋಗೋಣ ಅಂದರೆ ಅವರು ಟಿಕೆಟ್ ತಗೋಬೇಕು, ಜೊತೆಗೆ ಬಂದ ಕನ್ನಡದ ಹುಡುಗಿಯರು ತಗೋಬೇಕಾಗಿಲ್ಲ. ಗಂಡಸರಂತೂ ಈ ಲೆಕ್ಕದಲ್ಲೇ ಇಲ್ಲ. ಯಾದಗಿರಿಯ ಅಣ್ಣನಿಗೆ ಬಸ್ಸೂ ಫ್ರೀ ಇಲ್ಲ, ಮೆಟ್ರೊ ಕೈಗೆಟುಕಲ್ಲ.

ಈಗ ಶೀಟ್‌ನಲ್ಲಿ ನನಗೆ ಕಸಿವಿಸಿ ಆದ ಸಾಲಿಗೆ ಬರ್ತೀನಿ. ಅಕ್ಕ ದಿನಾ ಮೆಟ್ರೊ ಹತ್ತಿದ್ದರೆ ತಿಂಗಳಿಗೆ ಕೊಡಬೇಕಾಗಿದ್ದದ್ದು ಒಂದೂವರೆ ಸಾವಿರ. ಅಪ್ಪ ಏರಿಸೋಣ ಅಂದಿದ್ದೂ ಒಂದೂವರೆ ಸಾವಿರ. ಅಂದರೆ ಅವರು ಮೆಟ್ರೊ ದುಡ್ಡನ್ನ ಪೂರ್ತಿ ಕೊಡ್ತಾರೆ, ಹೋಗೋದು ಮಾತ್ರ ಬಸ್ಸಲ್ಲಿ. ದುಡ್ಡು ಮೆಟ್ರೊ ನಿಗಮಕ್ಕೆ ಹೋಗಲ್ಲ, ನಮ್ಮ ಮನೆಗೆ ಬರುತ್ತೆ. ಕಂಬ ನಿಲ್ಲಿಸೋಕೆ ನಾವು ಒಂದು ಮೂಟೆ ಸಿಮೆಂಟೂ ಕೊಟ್ಟಿಲ್ಲ.

ಮೆಟ್ರೊ ಬಂದರೆ ಊರಿಗೆ ಒಳ್ಳೇದು ಅಂತ ನಾವು ಹೇಳುವಾಗ ಸಾಮಾನ್ಯವಾಗಿ ಹತ್ತೋರನ್ನ ಮಾತ್ರ ಎಣಿಸ್ತೀವಿ. ಪಕ್ಕದಲ್ಲಿ ಇದ್ದು ಹತ್ತದವರಿಗೆ ಅದು ಬರೋದು ಬಾಡಿಗೆ ಚೀಟಿಯ ರೂಪದಲ್ಲಿ. ಏರಿಕೆ ತಾಳಲಾರದೆ ಅವರು ಇನ್ನೂ ಒಳಗೆ ಹೋಗ್ತಾರೆ, ಬಸ್ಸಿಗೆ ಇನ್ನೂ ದೂರ, ಗೇಟ್‌ಗೆ ಇನ್ನೂ ಲೇಟು. ಯಾದಗಿರಿಯ ಅಣ್ಣ ಸೀತಾರಾಮಪಾಳ್ಯದಿಂದ ಕಾಡುಗೋಡಿ ಆಚೆಗೆ ಹೋದದ್ದು ಹೀಗೇ. ಅವರಿದ್ದ ಶೀಟ್ ಮನೆಗಳ ಜಾಗದಲ್ಲಿ ಈಗ ಪಿಜಿ ಇದೆ. ಅದರಲ್ಲಿ ನಮ್ಮ ಟೀಮ್‌ನ ಇಬ್ಬರು ಇದ್ದಾರೆ.

ಜಾಲಹಳ್ಳಿ ಕ್ರಾಸ್ ಅಂದಾಗ ಒಂದು ಹಳೇ ದಿನ ನೆನಪಾಗುತ್ತೆ. 2016ರ ಏಪ್ರಿಲ್ 19. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷ. ಕಾಲೇಜಿನಿಂದ ಬರುವಾಗ ಬಸ್ ಗೊರಗುಂಟೆಪಾಳ್ಯದಲ್ಲೇ ನಿಂತುಬಿಡ್ತು. ಮುಂದೆ ರಸ್ತೆ ತುಂಬ ಹೆಂಗಸರು, ಸಾವಿರಾರು ಜನ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಗಾರ್ಮೆಂಟ್ಸ್ ಬಿಟ್ಟಾಗ ಸಿಗೋ ಪಿಎಫ್ ದುಡ್ಡೇ ಈ ಹೆಂಗಸರಿಗೆ ಮಗಳ ಮದುವೆ, ಸಾಲ ತೀರಿಸೋದು, ಆಪರೇಷನ್ ಎಲ್ಲಾ. ಹಿಂದಿನ ದಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಶುರುವಾದದ್ದು ಮರುದಿನ ತುಮಕೂರು ರಸ್ತೆಗೆ, ಪೀಣ್ಯ–ಜಾಲಹಳ್ಳಿ ಕ್ರಾಸ್‌ಗೆ, ಆ ಕಡೆ ಹೆಬ್ಬಗೋಡಿಗೆ ಹಬ್ಬಿತು. ಕಲ್ಲು, ಲಾಠಿ, ಬೆಂಕಿ ಎಲ್ಲ ಆಯಿತು. ಅವತ್ತೇ ಸಂಜೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಹೆಸರು ಗೊತ್ತಿರೋ ಒಬ್ಬ ಲೀಡರ್ ಇರಲಿಲ್ಲ, ಎರಡು ದಿನ ರಸ್ತೆಯಲ್ಲಿ ಕೂತರು, ಅಷ್ಟೇ.

ನಾನು ಬಸ್ಸಿಂದ ಇಳಿದು ನಡೆದುಕೊಂಡು ಹೋದೆ. ತಲೆಯ ಮೇಲೆ ಮೆಟ್ರೊ ಓಡ್ತಾ ಇತ್ತು, ಅರ್ಧ ಖಾಲಿ. ಅವತ್ತು ನನಗಿದ್ದ ಚಿಂತೆ ಮಾರನೇ ದಿನದ ಇಂಟರ್ನಲ್ಸ್ ಒಂದೇ. ಈಗ ಬೊಮ್ಮನಹಳ್ಳಿಯಲ್ಲೂ ಮೆಟ್ರೊ ಸ್ಟೇಷನ್ ಇದೆ, ಹೆಬ್ಬಗೋಡಿಯಲ್ಲೂ ಇದೆ. ಆ ಎರಡು ದಿನ ಹೆಂಗಸರು ಕೂತಿದ್ದ ಜಾಗಗಳನ್ನೇ ಹುಡುಕಿ ಹುಡುಕಿ ಸ್ಟೇಷನ್ ಕಟ್ಟಿದ ಹಾಗಿದೆ.

ಹೊಸೂರು ರಸ್ತೆ ಬಗ್ಗೆ ಸ್ವಲ್ಪ ಹೇಳಬೇಕು. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ, ಆರ್.ಕೆ. ಬಾಳಿಗ ಅವರು ಕಿಯೋನಿಕ್ಸ್‌ನಲ್ಲಿ ಇದ್ದಾಗ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುವಾದದ್ದು. ಅಲ್ಲಿಗೆ ಹೋಗೋ ದಾರಿ ಮೆಟ್ರೊಗೆ ಮುಂಚೆಯೇ ಎರಡು ಅಂತಸ್ತು ಆಗಿತ್ತು. 2010ರ ಜನವರಿಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹತ್ತು ಕಿ.ಮೀ. ಹತ್ತಿರದ ಟೋಲ್ ಫ್ಲೈಓವರ್ ತೆರೆಯಿತು. ದುಡ್ಡು ಕೊಟ್ಟವರು ಮೇಲೆ, ಉಳಿದವರು ಕೆಳಗೆ. ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್ ಎಲ್ಲ ಫ್ಲೈಓವರ್‌ನಲ್ಲಿ ಹೋಗೋನಿಗೆ ಕಾಲ ಕೆಳಗಿನ ಊರುಗಳು. ಇಳಿಯೋಕೆ ಜಾಗವೇ ಇಲ್ಲದ ಮೇಲೆ ನೋಡೋದೇನು?

ಆ ಲೆಕ್ಕದಲ್ಲಿ ಹಳದಿ ಮಾರ್ಗ ವಾಸಿ ಅಂತಲೇ ಹೇಳಬೇಕು. 2025ರ ಆಗಸ್ಟ್ 11ರಿಂದ ಆರ್.ವಿ. ರಸ್ತೆ–ಬೊಮ್ಮಸಂದ್ರ ನಡುವೆ ಓಡ್ತಿದೆ, 19 ಕಿ.ಮೀ., 16 ನಿಲ್ದಾಣ. ಫ್ಲೈಓವರ್ ಹಾರಿಕೊಂಡು ಹೋಗೋ ಕಡೆಯೆಲ್ಲ ಇದು ನಿಲ್ಲುತ್ತೆ. ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು, ಆದರೂ ಜನ ಕಾದು ಹತ್ತಿದರು. ಹೆಸರುಗಳನ್ನ ಮಾತ್ರ ಗಮನಿಸಿ. ಕೋನಪ್ಪನ ಅಗ್ರಹಾರದ ಹಿಂದೆ ಇನ್ಫೋಸಿಸ್ ಫೌಂಡೇಶನ್, ಹೆಬ್ಬಗೋಡಿ ಹಿಂದೆ ಬಯೋಕಾನ್, ಬೊಮ್ಮಸಂದ್ರದ ಹಿಂದೆ ಡೆಲ್ಟಾ ಎಲೆಕ್ಟ್ರಾನಿಕ್ಸ್. ಸ್ಟೇಷನ್ ಕಟ್ಟೋಕೆ ದುಡ್ಡು ಕೊಟ್ಟವರ ಹೆಸರು ಸೇರಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ, ಆ ದುಡ್ಡು ಸಾರ್ವಜನಿಕ ಕೆಲಸಕ್ಕೇ ಹೋಗಿದೆ. ಹೊಂಗಸಂದ್ರ ಹೊಂಗಸಂದ್ರವಾಗೇ ಉಳಿದಿದೆ. ಅಲ್ಲಿಯ ಗಾರ್ಮೆಂಟ್ಸ್ ಹೆಂಗಸರ ಹೆಸರಲ್ಲಿ ಯಾರು ಚೆಕ್ ಬರೀತಾರೆ?

ಇನ್ನೊಂದು, ದುಡ್ಡಿಗೆ ಸಂಬಂಧ ಇಲ್ಲದ್ದು. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಸ್ಟೇಷನ್‌ನಲ್ಲಿ ತಲೆ ಮೇಲೆ ಮೂಟೆ ಹೊತ್ತ ಒಬ್ಬ ರೈತರನ್ನ ಬಟ್ಟೆ ನೋಡಿ ಒಳಗೆ ಬಿಡದ ವಿಡಿಯೊ ನೀವೂ ನೋಡಿರ್ತೀರಿ. ಅವರ ಹತ್ತಿರ ಟಿಕೆಟ್ ಇತ್ತು. ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳ ಆಡಿ ಒಳಗೆ ಕರೆದುಕೊಂಡು ಹೋದರು, ಮೆಟ್ರೊ ನಿಗಮ ಆ ಭದ್ರತಾ ಮೇಲ್ವಿಚಾರಕರನ್ನ ಕೆಲಸದಿಂದ ತೆಗೀತು. ನಮ್ಮ ಮನೆಯಲ್ಲಿ ಟಿವಿಯಲ್ಲಿ ಇದು ಬಂದಾಗ ಅಪ್ಪ ಒಂದು ಮಾತು ಹೇಳಿದರು. ಮೊದಲ ಸಲ ಮೆಟ್ರೊ ಹತ್ತೋ ದಿನ ಅವರು ವರ್ಕ್‌ಶಾಪ್‌ನಲ್ಲೇ ಸೀಮೆಎಣ್ಣೆ ಹಾಕಿ ಕೈ ತೊಳೆದು, ಬ್ಯಾಗಲ್ಲಿ ಒಯ್ದಿದ್ದ ಬೇರೆ ಶರ್ಟ್ ಹಾಕಿಕೊಂಡು ಹೋಗಿದ್ದರಂತೆ. ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಬಸ್ಸಿಗೆ ಮೂವತ್ತು ವರ್ಷ ಆಯಿಲ್ ಕೈಯಲ್ಲೇ ಹತ್ತಿದ ಮನುಷ್ಯ.

ಏನು ಮಾಡಬಹುದು ಅಂತ ನನ್ನನ್ನ ಕೇಳಿದರೆ, ಮೊದಲು ಆ ಕಡಿಮೆ ದೂರದ ಸ್ಲ್ಯಾಬ್ ನೋಡಿ ಅಂತೀನಿ. ಆರು ಕಿಲೋಮೀಟರ್ ಒಳಗೆ 30 ರೂಪಾಯಿ ಜಾಸ್ತಿ ಆಯಿತು. ಬೆಳಗ್ಗೆ 8ರ ಒಳಗೆ ಹೋದರೆ ಇನ್ನೊಂದು ಶೇ 5 ಬಿಡ್ತಾರೆ, ಆದರೆ ಶಿಫ್ಟ್ ಎಷ್ಟು ಗಂಟೆಗೆ ಅಂತ ಕೆಲಸದವರು ತೀರ್ಮಾನ ಮಾಡಲ್ಲ. ಮುಂಬೈ ಲೋಕಲ್‌ನಲ್ಲಿ ಒಂದೇ ಗಾಡಿಯಲ್ಲಿ ಫಸ್ಟ್ ಕ್ಲಾಸೂ ಸೆಕೆಂಡ್ ಕ್ಲಾಸೂ ಇದೆ. ಅದು ಸಮಾನತೆ ಅಲ್ಲ, ಒಪ್ಪಿದೆ. ಆದರೆ ಸೆಕೆಂಡ್ ಕ್ಲಾಸ್ ತಿಂಗಳ ಪಾಸ್ ಇಟ್ಟುಕೊಂಡು ಡಬ್ಬಾವಾಲನೂ ಮನೆಕೆಲಸದವಳೂ ಅದೇ ಟ್ರ್ಯಾಕ್ ಮೇಲೆ ಅದೇ ವೇಗದಲ್ಲಿ ಹೋಗ್ತಾರೆ. ನಮ್ಮಲ್ಲಿ ಎಲ್ಲರಿಗೂ ಒಂದೇ ಕ್ಲಾಸು ಮಾಡಿ, ಅರ್ಧ ಜನರನ್ನ ಟ್ರ್ಯಾಕ್ ಕೆಳಗೆ ಬಿಟ್ಟಿದ್ದೀವಿ. ಉಪನಗರ ರೈಲಿನ ಕೆಲಸ ನಡೀತಿದೆ, 148 ಕಿ.ಮೀ., 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದದ್ದು. ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ದಾರಿ ಮುಗಿದರೆ ನಮ್ಮ ಕಡೆಯವರಿಗೆ ಒಂದಷ್ಟು ಅನುಕೂಲ ಆಗಬಹುದು, ಅದರ ದರ ಯಾರು ಹೇಗೆ ಇಡ್ತಾರೆ ಅನ್ನೋದರ ಮೇಲೆ. ಶಕ್ತಿಯನ್ನ ಮೆಟ್ರೊಗೂ ಕೊಡಿ ಅಂದರೆ ಕ್ಯಾಂಟೀನ್‌ನಲ್ಲಿ ಹೊಸ ಜೋಕ್ ಹುಟ್ಟುತ್ತೆ, ಗೊತ್ತು. ಆದರೂ ಹೇಳ್ತೀನಿ, ಕಾರ್ಖಾನೆ ಸಾಲಿನ ಸ್ಟೇಷನ್‌ಗಳ ನಡುವೆ ಶಿಫ್ಟ್ ಹೊತ್ತಿಗೆ ಅರ್ಧ ದರ ಇಟ್ಟು ಆರು ತಿಂಗಳು ನೋಡಬಹುದು. ಮಧ್ಯಾಹ್ನ ಎಷ್ಟೋ ಸೀಟು ಖಾಲಿ ಓಡೋ ರೈಲು ತಾನೇ.

ಬಾಡಿಗೆ ಬಗ್ಗೆ ಮಾತ್ರ ಇಂಥ ಸಲಹೆ ಕೊಡೋಕೆ ನನಗೆ ಬಾಯಿ ಬರಲ್ಲ. ಅಲ್ಲಿ ಸರ್ಕಾರ ನಾವೇ.

ಆ ಶೀಟ್ ತಗೊಂಡು ಹೋಗಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ‘ಲೆಕ್ಕ ಸರಿಯಾಗೇ ಇದೆ’ ಅಂದರು. ಆಮೇಲೆ, ‘ನನಗೆ ಪೆನ್ಶನ್ ಎಷ್ಟು ಬರುತ್ತೆ ಅನ್ನೋದನ್ನೂ ಒಂದು ಸಾಲು ಹಾಕಬೇಕಿತ್ತು’ ಅಂದರು. ಅದೂ ಸರಿಯೇ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮೂವತ್ತು ವರ್ಷ ದುಡಿದವರಿಗೆ ಬರೋ ಪಿಎಫ್ ಪೆನ್ಶನ್‌ನಲ್ಲಿ ಬಿಪಿ, ಶುಗರ್ ಮಾತ್ರೆಗೇ ಅರ್ಧ ಹೋಗುತ್ತೆ. ನಾನು ದುಡಿಯಲ್ವಾ ಅಂತ ಕೇಳಬಹುದಿತ್ತು. ಕೇಳಿದೆ ಕೂಡ. ‘ನಿನ್ನ ಕೈ ನೋಡ್ಕೊಂಡು ಕೂರಬೇಕಾ?’ ಅಂದರು. ಅಮ್ಮ ಮಧ್ಯ ಬಂದು ಐನೂರಕ್ಕೆ ಮುಗಿಸಿದರು. ಅಕ್ಕನ ಮನೆಗೆ ಈಗ ಆರು ಸಾವಿರ.

ಜೂನ್‌ನಲ್ಲಿ ಮಧ್ಯದ ಮನೆ ಖಾಲಿ ಆಯಿತು. ಪೀಣ್ಯದಲ್ಲಿ ಫಿಟ್ಟರ್ ಆಗಿದ್ದ ದಾವಣಗೆರೆಯ ಹುಡುಗ, ಮದುವೆ ಆಗಿ ಊರಿಗೇ ವಾಪಸ್ ಹೋದ. ಅಪ್ಪ ಟು-ಲೆಟ್ ಬೋರ್ಡ್ ಹಾಕಿದ ಮೂರನೇ ದಿನ ಇಬ್ಬರು ಬಂದರು, ಇಬ್ಬರೂ ಹೂಡಿ ಹತ್ತಿರ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡೋರು. ಎಂಟು ಸಾವಿರ ಅಂದದ್ದಕ್ಕೆ ಚೌಕಾಸಿಯೇ ಮಾಡಲಿಲ್ಲ. ಒಳ್ಳೇ ಹುಡುಗರು. ವಾರಕ್ಕೆರಡು ದಿನ ನಾವು ಮೂರೂ ಜನ ಒಟ್ಟಿಗೇ ಸ್ಟೇಷನ್‌ಗೆ ನಡೀತೀವಿ, ದಾರಿಯಲ್ಲಿ ಕ್ರಿಕೆಟ್ ಮಾತಾಡ್ತೀವಿ. ಎಂಟನೇ ಮೈಲಿ ಕಡೆ ತಿರುಗೋ ಮೂಲೆಯಲ್ಲಿ ಕೆಲವು ದಿನ ಅಕ್ಕ ಸಿಗ್ತಾರೆ, ಕೈಯಲ್ಲಿ ಟಿಫನ್ ಬ್ಯಾಗು. ‘ಹೊರಟ್ರಾ ಅಣ್ಣ’ ಅಂತಾರೆ. ಹ್ಞೂಂ ಅಂತೀನಿ.

ಹೋದ ವಾರ ಬಾಡಿಗೆ ಕೊಡೋಕೆ ಬಂದವರು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತರು. ಮಧ್ಯದ ಮನೆ ಬಾಡಿಗೆ ಎಷ್ಟು ಅಂತ ಅವರಿಗೆ ಗೊತ್ತಾಗಿದೆ.

‘ಮುಂದಿನ ವರ್ಷ ನಮ್ಗೂ ಅಷ್ಟೇ ಆಗ್ಬೋದು ಅಲ್ವಾ ಅಣ್ಣ? ಆಗೋದಾದ್ರೆ ಮಾರ್ಚ್‌ಗೆ ಮುಂಚೆನೇ ಹೇಳ್ಬಿಡಿ. ಮಗಳು ಈಗ ಒಂಬತ್ತನೇ ಕ್ಲಾಸು. ಮನೆ ಬಿಡೋದಾದ್ರೆ ಎಸ್ಸೆಸ್ಸೆಲ್ಸಿ ಶುರು ಆಗೋ ಮೊದ್ಲೇ ಟಿಸಿ ತಗೋಬೇಕು.’

ಅಪ್ಪನ ಹತ್ತಿರ ಕೇಳಿ ಹೇಳ್ತೀನಿ ಅಂದಿದ್ದೀನಿ. ಇನ್ನೂ ಕೇಳಿಲ್ಲ.